ಕಂಬಳದ ಯೂಟ್ಯೂಬ್ ಲೈವ್: ಹಗ್ಗಕ್ಕೆ ಪೂರ್ತಿ ಅಂಕ, ಕನೆಹಲಗೆಗೆ ಸಾಲದು

ಊರು ಬಿಟ್ಟು ಬೆಂಗಳೂರಲ್ಲೋ ದುಬೈಯಲ್ಲೋ ಇರುವ ಕರಾವಳಿಯವರಿಗೆ ಕಂಬಳದ ಯೂಟ್ಯೂಬ್ ಲೈವ್ ದೊಡ್ಡ ಉಪಕಾರ ಅಂತ ಮೊದಲೇ ಹೇಳಿಬಿಡುತ್ತೇನೆ. ದುಡ್ಡು ಕೊಡಬೇಕಿಲ್ಲ. ನವೆಂಬರ್‌ನಿಂದ ಮಾರ್ಚ್-ಏಪ್ರಿಲ್‌ವರೆಗೆ ಹೆಚ್ಚುಕಡಿಮೆ ಪ್ರತಿ ವಾರ, ಶನಿವಾರ ಬೆಳಿಗ್ಗೆ ಶುರುವಾದರೆ ಭಾನುವಾರ ಫೈನಲ್ ಮುಗಿಯುವವರೆಗೆ ಓಡುತ್ತಲೇ ಇರುತ್ತದೆ. ಇದನ್ನು ಮಾಡುವ ಚಾನೆಲ್‌ಗಳು ಸುಮಾರಿವೆ. ಒಬ್ಬೊಬ್ಬರ ಹೆಸರು ಹೇಳಿ ಹೋಲಿಸುವುದಿಲ್ಲ, ಏಕೆಂದರೆ ಗುಣವೂ ಕೊರತೆಯೂ ಎಲ್ಲರಲ್ಲೂ ಬಹುತೇಕ ಒಂದೇ.

ಮಂಜೊಟ್ಟಿಯ, ಅಂದರೆ ಓಟ ಮುಗಿಯುವ ತುದಿಯ, ಕ್ಯಾಮೆರಾ ಅದ್ಭುತ. ಒಂದು ಕಾಲದಲ್ಲಿ ಯಾವ ಜೋಡಿ ಮುಂದೆ ಅಂತ ಹೇಳಲು ತೀರ್ಪುಗಾರರ ಕಣ್ಣೇ ಗತಿ, ಅದರ ಮೇಲೆ ಗಲಾಟೆಯೂ ಮಾಮೂಲು. ಈಗ ಲೇಸರ್ ಇದೆ. ಕೋಣದ ಮೂಗು ಗೆರೆ ದಾಟಿದ ಕ್ಷಣವನ್ನು ಸ್ಲೋ ಮೋಷನ್‌ನಲ್ಲಿ ತೋರಿಸುತ್ತಾರೆ. ಕೆಸರು ಹಾರುತ್ತಿರುತ್ತದೆ, ಓಟಗಾರನ ದೇಹ ಪೂರ್ತಿ ಹಿಂದಕ್ಕೆ ವಾಲಿರುತ್ತದೆ, ಒಂದು ಕೈಯಲ್ಲಿ ಹಗ್ಗ, ಕಾಲು ನೆಲಕ್ಕೆ ತಾಗಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಕರೆಯ (ಕೋಣ ಓಡುವ ಕೆಸರಿನ ಹಾದಿ) ಪಕ್ಕದಲ್ಲೇ ನಿಂತವರಿಗೂ ಇದು ಇಷ್ಟು ಚೆನ್ನಾಗಿ ಕಾಣುವುದಿಲ್ಲ.

ಆದರೆ ಸಮಯ ತೋರಿಸುವಾಗ ಒಂದು ತಪ್ಪು ಮಾಡುತ್ತಾರೆ. ಸೆಕೆಂಡ್ ಹಾಕುತ್ತಾರೆ, ಕರೆಯ ಉದ್ದ ಹಾಕುವುದಿಲ್ಲ. ಎಲ್ಲ ಊರಿನ ಕರೆಯೂ ಒಂದೇ ಉದ್ದ ಅಲ್ಲವಲ್ಲ! 2020ರ ಫೆಬ್ರವರಿಯಲ್ಲಿ ಐಕಳದಲ್ಲಿ ಕಂಬಳದ ಓಟಗಾರ ಶ್ರೀನಿವಾಸ ಗೌಡ ಓಡಿದ್ದು 142.5 ಮೀಟರ್, 13.62 ಸೆಕೆಂಡ್. ಯಾರೋ ಅದನ್ನು 100 ಮೀಟರ್‌ಗೆ ಇಳಿಸಿ 9.55 ಅಂದರು, ಉಸೇನ್ ಬೋಲ್ಟ್‌ನ 9.58ರ ಪಕ್ಕ ಇಟ್ಟರು, ಇಡೀ ದೇಶ ಕುಣಿಯಿತು. ಕೆಲವೇ ದಿನದಲ್ಲಿ ಇನ್ನೊಬ್ಬ ಓಟಗಾರ ನಿಶಾಂತ್ ಶೆಟ್ಟಿ ಅದಕ್ಕೂ ಜೋರಾಗಿ ಓಡಿದರು. ಕೇಂದ್ರ ಕ್ರೀಡಾ ಸಚಿವರು ಶ್ರೀನಿವಾಸರನ್ನು ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಟ್ರಯಲ್ಸ್‌ಗೆ ಕರೆದಾಗ ಅವರು ಹೋಗಲಿಲ್ಲ. ನನ್ನ ಪ್ರಕಾರ ಸರಿಯಾದ ತೀರ್ಮಾನ. ಕೋಣ ಎಳೆಯುವ ಓಟಕ್ಕೂ ಟ್ರ್ಯಾಕಿನ ಮೇಲಿನ ಓಟಕ್ಕೂ ಮೈ ಪಳಗುವ ರೀತಿಯೇ ಬೇರೆ. ಇದು ಗೊತ್ತಿರುವ ಚಾನೆಲ್‌ನವರೇ ಉದ್ದ ಹೇಳದೆ ಬರೀ ಸೆಕೆಂಡ್ ತೋರಿಸಿದರೆ ಮತ್ತೆ ಅದೇ ಬೋಲ್ಟ್ ಲೆಕ್ಕ ಶುರುವಾಗುತ್ತದೆ, ಅಲ್ವಾ?

ಲೈವ್‌ನಿಂದ ಆದ ಬಹಳ ಒಳ್ಳೆಯ ಬದಲಾವಣೆ ಅಂದರೆ ಓಡಿಸುವವರ ಹೆಸರು ತೆರೆಯ ಮೇಲೆ ಬರುತ್ತಿರುವುದು. ಕಂಬಳದಲ್ಲಿ ಮೊದಲು ಹೇಳುವುದು ಊರು, ಮನೆತನ, ಕೋಣದ ಯಜಮಾನರ ಹೆಸರು. ಒಂದೇ ಮನೆಯಿಂದ ಎರಡು ಜೋಡಿ ಬಂದರೆ ಹೆಸರಿನ ಕೊನೆಗೆ 'ಎ', 'ಬಿ' ಅಂತ ಸೇರಿಸುತ್ತಾರೆ. ಗೆದ್ದರೆ ಚಿನ್ನದ ಪವನ್, ಮರ್ಯಾದೆ ಎಲ್ಲ ಆ ಮನೆಗೆ. ಓಡಿಸಿದವರ ಹೆಸರು ಫಲಿತಾಂಶದ ಕೊನೇ ಸಾಲು. ಈಗ ಮಕ್ಕಳು ಓಟಗಾರರ ಹೆಸರನ್ನೂ ಕ್ರಿಕೆಟಿಗರ ಹೆಸರಿನಷ್ಟೇ ಸಲೀಸಾಗಿ ಹೇಳುತ್ತಾರೆ. ಬಹಳಷ್ಟು ಓಟಗಾರರು ಕೂಲಿ ಕೆಲಸ, ಕಟ್ಟಡ ಕೆಲಸ ಮಾಡಿಕೊಂಡು ಬಂದವರು. ಅವರಿಗೆ ಈ ಗೌರವ ಯಾವತ್ತೋ ಸಿಗಬೇಕಿತ್ತು.

ಕಾಮೆಂಟರಿ ತುಳುವಿನಲ್ಲಿ, ನಡುನಡುವೆ ಕನ್ನಡ. ತುಳು ಬಾರದವರೂ ಸ್ವಲ್ಪ ಹೊತ್ತಿನಲ್ಲೇ ಹೊಂದಿಕೊಳ್ಳುತ್ತಾರೆ. ಕೇಳಲು ಖುಷಿಯಾಗುವುದು ಜೋಡುಕರೆಯ, ಅಂದರೆ ಅಕ್ಕಪಕ್ಕದ ಎರಡು ಕರೆಗಳ, ಹೆಸರುಗಳು. ಮೂಡುಬಿದಿರೆಯಲ್ಲಿ ಒಂದು ಕರೆ ಕೋಟಿ, ಇನ್ನೊಂದು ಚೆನ್ನಯ. ಐಕಳದಲ್ಲಿ ಕಾಂತಾಬಾರೆ-ಬೂದಾಬಾರೆ. ಮಿಯ್ಯಾರಿನಲ್ಲಿ ಲವ-ಕುಶ. ಉಪ್ಪಿನಂಗಡಿಯಲ್ಲಿ ವಿಜಯ-ವಿಕ್ರಮ. 2023ರ ನವೆಂಬರ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಕರೆ ತೋಡಿದಾಗಲೂ ಹೆಸರಿಡುವುದು ಮರೆಯಲಿಲ್ಲ: ರಾಜ-ಮಹಾರಾಜ. ಪಾಡ್ದನದ (ತುಳು ಜನಪದ ಕಥನಗೀತೆ) ವೀರರ ಹೆಸರು ಹಿಡಿದು "ಕೋಟಿ ಕರೆಯಲ್ಲಿ ಇಂಥವರು, ಚೆನ್ನಯ ಕರೆಯಲ್ಲಿ ಇಂಥವರು" ಅಂತ ರಾತ್ರಿ ಎರಡು ಗಂಟೆಗೆ ಮೈಕಿನಲ್ಲಿ ಕೂಗುವುದನ್ನು ಕೇಳಿದರೆ ರೋಮಾಂಚನವಾಗುತ್ತದೆ. ಲೇನ್ ಒಂದು, ಲೇನ್ ಎರಡು ಅಂದಿದ್ದರೆ ಇದೆಲ್ಲಿ ಇರುತ್ತಿತ್ತು?

ಗಂತಿನ, ಅಂದರೆ ಓಟ ಶುರುವಾಗುವ ತುದಿಯ, ಕಡೆಯ ಕ್ಯಾಮೆರಾ ಸಾಧಾರಣ. ಎರಡು ಜೋಡಿ ಸರಿಯಾಗಿ ನಿಂತು ಬಿಡುವುದಕ್ಕೆ ತಡವಾಗುತ್ತದೆ, ಅದು ಕಂಬಳದಲ್ಲಿ ಇರುವುದೇ. ಆ ಹೊತ್ತಲ್ಲಿ ಜಾಹೀರಾತು ಹಾಕಿ, ಬೇಡ ಅನ್ನುವುದಿಲ್ಲ. ಆದರೆ ನಾನು ನೋಡಿದ ಒಂದು ಲೈವ್‌ನಲ್ಲಿ ಜಾಹೀರಾತು ಮುಗಿಯುವಷ್ಟರಲ್ಲಿ ಸೆಮಿಫೈನಲ್ ಓಟವೇ ಮುಗಿದಿತ್ತು. ಸಿಟ್ಟು ಬರುತ್ತದೆ. ಗಂತಿನ ಮೇಲೆ ಸದಾ ಒಂದು ಕ್ಯಾಮೆರಾ ಇರಬೇಕು ಅನ್ನಲು ಇನ್ನೂ ಒಂದು ಕಾರಣ ಇದೆ. ಜಲ್ಲಿಕಟ್ಟು ನಿಷೇಧಿಸಿದ 2014ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಕಂಬಳ ಇರುತ್ತದೋ ಇಲ್ಲವೋ ಅನ್ನುವ ಸ್ಥಿತಿ ಬಂದಿತ್ತು. ಕಂಬಳಕ್ಕೆ ಅವಕಾಶ ಕೊಟ್ಟ 2017ರ ರಾಜ್ಯದ ತಿದ್ದುಪಡಿಯನ್ನು 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಒಪ್ಪಿದ ಮೇಲೆಯೇ ನೆಮ್ಮದಿ. ಕೋಣಕ್ಕೆ ಹಿಂಸೆಯಾಗಬಾರದು ಅನ್ನುವ ಷರತ್ತಿನ ಮೇಲೆ ಉಳಿದಿರುವ ಆಟ ಇದು. ಬಾರುಕೋಲು ಯಾರು ಹೇಗೆ ಬಳಸಿದರು ಅಂತ ಸಾವಿರಾರು ಜನ ನೋಡುತ್ತಿದ್ದಾರೆ ಅಂದರೆ ಕೈ ತಾನಾಗಿಯೇ ಹಿಡಿತಕ್ಕೆ ಬರುತ್ತದೆ.

ಇನ್ನು ಕನೆಹಲಗೆ. ಇಲ್ಲಿ ಮಾತ್ರ ಎಲ್ಲ ಚಾನೆಲ್‌ಗಳೂ ಕೈಕೊಡುತ್ತವೆ. ಕಂಬಳದ ಓಟದಲ್ಲಿ ಬೇರೆ ಬೇರೆ ವಿಭಾಗಗಳಿವೆ: ಹಗ್ಗ, ನೇಗಿಲು, ಅಡ್ಡಹಲಗೆಯಲ್ಲಿ ವೇಗ ಮುಖ್ಯ. ಕನೆಹಲಗೆಯಲ್ಲಿ ನೋಡುವುದು ನೀರನ್ನು. ಓಟಗಾರ ತೂತಿರುವ ಹಲಗೆಯ ಮೇಲೆ ಒಂದು ಕಾಲೂರಿ ನಿಲ್ಲುತ್ತಾರೆ, ಕೋಣ ಓಡಿದಂತೆ ಆ ತೂತಿನಿಂದ ನೀರು ಕಾರಂಜಿ ಹಾಗೆ ಚಿಮ್ಮಿ ಮೇಲೆ ಕಟ್ಟಿದ ನಿಶಾನೆಯ ಬಟ್ಟೆಗೆ ತಾಗಬೇಕು. ಆರೂವರೆ ಕೋಲು, ಏಳೂವರೆ ಕೋಲು ಎತ್ತರ (ಕೋಲು ಅಂದರೆ ಹಳೆಯ ಕಾಲದ ಅಳತೆ). ಕಂಬಳದಲ್ಲಿ ಇಷ್ಟು ಚಂದದ ನೋಟ ಇನ್ನೊಂದಿಲ್ಲ, ಬೇರೆ ಯಾವ ದೇಶದ ಓಟದಲ್ಲೂ ಇಂಥದ್ದನ್ನು ನಾನು ಕಂಡಿಲ್ಲ. ಲೈವ್‌ನಲ್ಲಿ ಏನು ಕಾಣುತ್ತದೆ? ದೂರದಿಂದ ಬಿಳಿ ನೀರಿನ ಒಂದು ಮೋಡ. ನಿಶಾನೆಗೆ ತಾಗಿತಾ ಇಲ್ಲವಾ ಅಂತ ಮೈಕಿನಲ್ಲಿ ಹೇಳಿದ ಮೇಲೆಯೇ ಗೊತ್ತಾಗಬೇಕು. ರಾತ್ರಿ ಲೈಟಿನಲ್ಲಂತೂ ಬಟ್ಟೆ ಯಾವುದು, ನೀರು ಯಾವುದು ತಿಳಿಯುವುದಿಲ್ಲ.

ಕೋಣ ಕರೆಗೆ ಇಳಿಸುವ ಹೊತ್ತನ್ನೂ ಜಾಸ್ತಿ ತೋರಿಸಬೇಕು. ಕೊಂಬು, ವಾದ್ಯದ ಜೊತೆ ಮನೆಯವರೆಲ್ಲ ಸೇರಿ ಕರೆತರುವುದು, ಕೋಣದ ಹಣೆಯ ಅಲಂಕಾರ, ವರ್ಷವಿಡೀ ಅದನ್ನು ಮೀಯಿಸಿ ಹುರುಳಿ ಬೇಯಿಸಿ ಹಾಕಿದವರ ಮುಖ. ಇದನ್ನು ಸುಮ್ನೆ ಎರಡು ನಿಮಿಷದಲ್ಲಿ ಮುಗಿಸಿಬಿಡುತ್ತಾರೆ. ಸ್ಪರ್ಧೆಯೇ ಇಲ್ಲದೆ ಬರೀ ಆಚರಣೆಯಾಗಿ ನಡೆಯುವ ಪೂಕರೆ ಕಂಬಳಗಳ ಕಡೆಗೆ ಕ್ಯಾಮೆರಾ ಹೋಗುವುದೂ ಅಪರೂಪ. ಓಟ ಬೆಳೆದದ್ದು ಆ ಗದ್ದೆಗಳಿಂದಲೇ, ಅವನ್ನೂ ಒಂದೊಂದು ಗಂಟೆ ತೋರಿಸಿದರೆ ನೋಡುವವರು ಖಂಡಿತ ಇದ್ದಾರೆ.

ಒಟ್ಟು ಐದಕ್ಕೆ ನಾಲ್ಕು ಅಂಕ. ಹೊಸಬರು ಭಾನುವಾರ ಬೆಳಗಿನ ಹಗ್ಗ ಹಿರಿಯ ವಿಭಾಗದ ಸೆಮಿಫೈನಲ್‌ನಿಂದ ನೋಡಲು ಶುರುಮಾಡಿ. ಚಾನೆಲ್‌ನವರಿಗೆ ಒಂದೇ ಬೇಡಿಕೆ: ನಿಶಾನೆ ಕಟ್ಟುವ ಕಂಬಕ್ಕೆ ಸಣ್ಣದೊಂದು ಕ್ಯಾಮೆರಾ ಹಾಕಿ. ಅದಕ್ಕೆ ತಿಂಗಳಿಗೆ ಇಷ್ಟು ಅಂತ ಚಂದಾ ಕೇಳಿದರೂ ಕೊಡುತ್ತೇನೆ.