ಕರೆಂಟಿನ ಹೊಲಿಗೆ ಮೆಷಿನ್: ಮಳೆಯೂರಿನ ಮನೆಯೊಂದರಲ್ಲಿ ಬಳಸಿದ ಅನುಭವ

ಹೊಸ ಬಟ್ಟೆ ಹೊಲಿದು ದುಡ್ಡು ಉಳಿಸಬೇಕು ಅಂತ ಹೊಲಿಗೆ ಮೆಷಿನ್ ಕೊಳ್ಳುವವರು ಸ್ವಲ್ಪ ಯೋಚಿಸಿ. ಮನೆಯಲ್ಲಿ ಇರುವ ಬಟ್ಟೆಯನ್ನೇ ಇನ್ನಷ್ಟು ವರ್ಷ ಚೆನ್ನಾಗಿ ಬಳಸಬೇಕು ಅನ್ನುವವರು ಧೈರ್ಯವಾಗಿ ತೆಗೆದುಕೊಳ್ಳಿ. 2019ರಿಂದ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ನಮ್ಮ ಮನೆಯಲ್ಲಿ ಕರೆಂಟಿನ ಮೆಷಿನ್ ಓಡುತ್ತಿದೆ. ನಾನು ಟೈಲರ್ ಅಲ್ಲ. ಮನೆಗೆ ಬೇಕಾದ್ದನ್ನು ಹೊಲಿದುಕೊಳ್ಳುವವಳು, ಅಷ್ಟೇ.

ಕಂಪನಿಯ ಹೆಸರು ಹೇಳುವುದಿಲ್ಲ. ಹತ್ತರಿಂದ ಹದಿನೈದು ಸಾವಿರದೊಳಗೆ ಸಿಗುವ ಮಾಮೂಲಿ ಮಾದರಿ ಇದು. ಹೊರಗೆ ಬಿಳಿ ಪ್ಲಾಸ್ಟಿಕ್, ಒಳಗೆ ಲೋಹದ ಚೌಕಟ್ಟು, ಸುಮಾರು ಆರು ಕೆ.ಜಿ. ಭಾರ, ಕಾಲಲ್ಲಿ ಒತ್ತುವ ಪೆಡಲ್, ಎದುರಿನಿಂದ ಹಾಕುವ ಲೋಹದ ಬಾಬಿನ್ ಕೇಸ್ (ಅಡಿಯ ನೂಲು ಸುತ್ತಿದ ಬಾಬಿನ್ ಕೂರುವ ಡಬ್ಬಿ). ಡಬ್ಬದ ಮೇಲೆ ಬಗೆಬಗೆಯ ಹೊಲಿಗೆಗಳ ಚಿತ್ರ ಇತ್ತು. ಹೂವು, ಎಲೆ, ಅಲೆ ಎಲ್ಲಾ ಇದೆ. ದಿನಾ ಕೆಲಸಕ್ಕೆ ಬರುವುದು ಎರಡೇ: ನೇರ ಹೊಲಿಗೆ ಮತ್ತು ಜಿಗ್‌ಜಾಗ್. ಇದರ ಜೊತೆ ಕಾಜಾ ಹಾಕುವ ಸೌಕರ್ಯ ಇದ್ದರೆ ಒಂದು ಮನೆಗೆ ಧಾರಾಳ ಸಾಕು. ಹೊಲಿಗೆ ಜಾಸ್ತಿ ಇದೆ ಅಂತ ಮೂರು ಸಾವಿರ ಹೆಚ್ಚು ಕೊಡಬೇಡಿ.

ನಮ್ಮಲ್ಲಿ ಅತ್ತೆಯ ಕಾಲದ ಕಾಲು ಮೆಷಿನ್ ಕೂಡ ಇದೆ. ಇನ್ನೂ ಚಾವಡಿಯಲ್ಲೇ ಇಟ್ಟಿದ್ದೇವೆ. ಎರಡನ್ನೂ ಬಳಸುವುದರಿಂದ ಹೇಳುತ್ತೇನೆ: ನೇರ ಹೊಲಿಗೆಯ ಅಂದದಲ್ಲಿ, ದಪ್ಪ ಬಟ್ಟೆ ಎಳೆಯುವ ಶಕ್ತಿಯಲ್ಲಿ ಹಳೆಯದೇ ಮೇಲು. ಕರೆಂಟ್ ಹೋದರೂ ಅದು ನಿಲ್ಲುವುದಿಲ್ಲ. ನಿಮ್ಮ ಮನೆಯಲ್ಲಿ ಅಂಥದ್ದೊಂದು ಮೂಲೆಗೆ ಬಿದ್ದಿದ್ದರೆ ಗುಜರಿಗೆ ಕೊಡಬೇಡಿ. ಒಳ್ಳೆಯ ಮೆಕ್ಯಾನಿಕ್ ಹತ್ತಿರ ಬಿಚ್ಚಿಸಿ, ಎಣ್ಣೆ ಹಾಕಿಸಿ, ಹೊಸ ಬೆಲ್ಟ್ ಹಾಕಿದರೆ ಓಡುತ್ತದೆ. ಬೇಕಿದ್ದರೆ ಅದಕ್ಕೇ ಸಣ್ಣ ಮೋಟಾರು ಕೂಡ ಜೋಡಿಸಬಹುದು. ಆದರೆ ಅದರಲ್ಲಿ ಜಿಗ್‌ಜಾಗ್ ಇಲ್ಲ. ಬಟ್ಟೆಯ ಅಂಚಿನ ನೂಲು ಬಿಟ್ಟುಕೊಳ್ಳದ ಹಾಗೆ ಮಾಡಲು ಪೇಟೆಯ ಇಂಟರ್‌ಲಾಕ್ ಅಂಗಡಿಗೇ ಹೋಗಬೇಕಿತ್ತು. ಒಂದು ಲಂಗದ ಅಂಚಿಗೆ ಬಸ್ಸು ಹತ್ತುವುದು ಯಾರಿಗೆ ಬೇಕು? ಹೊಸ ಮೆಷಿನ್ ಕೊಳ್ಳಲು ನನಗಿದ್ದ ಕಾರಣ ಇದೊಂದೇ. ಕೊಂಡ ಮೇಲೆ ಸೀರೆಗೆ ಜಿಗ್‌ಜಾಗ್ ಮಾಡುವುದು, ಫಾಲ್ ಹಾಕುವುದು ಎಲ್ಲಾ ಮನೆಯಲ್ಲೇ ಆಗುತ್ತಿದೆ. ಫಾಲ್‌ನ ಕೆಳಗಿನ ಅಂಚು ಮೆಷಿನ್‌ನಲ್ಲಿ, ಮೇಲಿನ ಅಂಚು ಕೈಯಲ್ಲಿ. ಮೇಲಿನದನ್ನೂ ಮೆಷಿನ್‌ನಲ್ಲೇ ಹೊಲಿದರೆ ನೆರಿಗೆಯ ಮೇಲೆ ಗೆರೆ ಎದ್ದು ಕಾಣುತ್ತದೆ, ಚೆಂದ ಇರುವುದಿಲ್ಲ.

ದಿನನಿತ್ಯ ಇದರಲ್ಲಿ ಆಗುವ ಕೆಲಸ ಯಾವುದು ಅಂತ ಕೇಳಿದರೆ, ಮೊದಲನೆಯದು ನೈಟಿ. ಅಂಗಡಿಯ ನೈಟಿ ಯಾರಿಗೂ ಸರಿಯಾದ ಉದ್ದಕ್ಕೆ ಬರುವುದಿಲ್ಲ ಅಲ್ವಾ? ತಂದ ದಿನವೇ ಕೆಳಗೆ ಮಡಚಿ, ಬದಿಗಳಿಗೆ ಇನ್ನೊಂದು ಹೊಲಿಗೆ ಕೊಟ್ಟರೆ ಅದರ ಆಯುಷ್ಯವೇ ಬೇರೆ. ಆಮೇಲೆ ಜೂನ್ ತಿಂಗಳ ಸ್ಕೂಲ್ ಯೂನಿಫಾರ್ಮ್. ಪ್ಯಾಂಟಿನ ಕೆಳಗೆ ಎರಡಿಂಚು ಬಟ್ಟೆ ಒಳಗೆ ಮಡಚಿ, ಹೊಲಿಗೆ ಉದ್ದ 4 ಮಿಲಿಮೀಟರ್‌ಗೆ ಇಟ್ಟು ದೊಡ್ಡ ಹೊಲಿಗೆ ಹಾಕುತ್ತೇನೆ. ಮಗ ಎತ್ತರ ಆದ ಹಾಗೆ ಅದನ್ನು ಬಿಚ್ಚಿ ಇಳಿಸುವುದು ಸುಲಭ. ಮಾಮೂಲಿ ಹೊಲಿಗೆಗೆ ಉದ್ದ 2.5 ಸರಿ. ಓಣಂ ಸಮಯದಲ್ಲಿ ಶಾಲೆಗೆ ಲಂಗ ಬ್ಲೌಸ್ ಬೇಕು ಅಂತ ಮಗಳು ಹಿಂದಿನ ಸಂಜೆ ಹೇಳುತ್ತಾಳೆ. ಹಳೆಯ ಸೆಟ್ ಮುಂಡಿನ (ಕೇರಳದ ಹೆಂಗಸರು ಉಡುವ ಎರಡು ತುಂಡಿನ ಬಟ್ಟೆ) ಕಸವಿನ, ಅಂದರೆ ಜರಿಯ, ಅಂಚನ್ನೇ ಕೆಳಗೆ ಬರುವ ಹಾಗೆ ಇಟ್ಟು, ಸೊಂಟಕ್ಕೆ ಎಲಾಸ್ಟಿಕ್ ಹಾಕಿದರೆ ಲಂಗ ಒಂದು ಗಂಟೆಯ ಕೆಲಸ.

ನನಗೆ ಅತಿ ಹೆಚ್ಚು ಖುಷಿ ಕೊಡುವುದು ಹಳೆಯ ಕಾಟನ್ ಸೀರೆಗಳ ಕೆಲಸ. ನಮ್ಮ ಕಾಸರಗೋಡು ಸೀರೆ ಕೈಮಗ್ಗದ ಕಾಟನ್, ಈ ಊರಿನದ್ದೇ ಅನ್ನುವ ಭೌಗೋಳಿಕ ಗುರುತು (ಜಿಐ) ಸಿಕ್ಕಿರುವ ಸೀರೆ. ಹೊಸತರಲ್ಲಿ ಸ್ವಲ್ಪ ಒರಟು, ಒಗೆದ ಹಾಗೆ ಮೆತ್ತಗಾಗುತ್ತದೆ. ಉಟ್ಟು ಉಟ್ಟು ಅಡಿಯ ಭಾಗ ಸವೆದರೂ ಸೆರಗಿನ ಕಡೆ ಗಟ್ಟಿಯಾಗಿಯೇ ಇರುತ್ತದೆ. ಅದರಿಂದ ದಿಂಬಿನ ಕವರು, ಬಾಳಂತಿ ಮನೆಗೆ ಕೊಡುವ ಮಗುವಿನ ಅಂಗಿ, ಕಿಟಕಿಯ ಪರದೆ ಎಲ್ಲಾ ಆಗುತ್ತದೆ. ಮಗುವಿನ ಅಂಗಿಯ ಒಳಗೆ ಬಟ್ಟೆಯ ಬಿಡಿ ಅಂಚು ಇರಬಾರದು, ಮೈಗೆ ಉಜ್ಜುತ್ತದೆ. ಹಾಗಾಗಿ ಮೊದಲು ಹೊರಮುಖಕ್ಕೆ ಹೊಲಿದು, ಅಂಚು ಕತ್ತರಿಸಿ, ತಿರುಗಿಸಿ ಮತ್ತೊಮ್ಮೆ ಹೊಲಿದರೆ ನೂಲಿನ ತುದಿಗಳೆಲ್ಲಾ ಹೊಲಿಗೆಯೊಳಗೇ ಮುಚ್ಚಿಹೋಗುತ್ತವೆ. ಹಳೆಯ ಮುಂಡುಗಳು (ಪಂಚೆಗಳು) ಬೈರಾಸು, ಅಂದರೆ ಮೈ ಒರೆಸುವ ಬಟ್ಟೆ, ಆಗುತ್ತವೆ. ಉಳಿದ ತುಂಡುಗಳಿಂದ ರೇಷನ್ ಅಂಗಡಿಗೆ ಒಯ್ಯುವ ಚೀಲ.

2020ರ ಮಾರ್ಚ್ ಕೊನೆಯಲ್ಲಿ, ಕೊರೊನಾ ಲಾಕ್‌ಡೌನ್ ಹೊತ್ತಿಗೆ, ಕರ್ನಾಟಕದ ಕಡೆಯ ರಸ್ತೆಗಳಿಗೆ ಮಣ್ಣು ಸುರಿದು ಗಡಿ ಮುಚ್ಚಿದ್ದು ನಮ್ಮ ಕಡೆಯವರು ಯಾರೂ ಮರೆತಿಲ್ಲ. ಆಸ್ಪತ್ರೆಗೂ ಮಂಗಳೂರಿಗೆ ಹೋಗಲಾಗದ ದಿನಗಳು ಅವು. ಮಾಸ್ಕ್ ಸಿಗುತ್ತಿರಲಿಲ್ಲ, ಎಲಾಸ್ಟಿಕ್ ಅಂತೂ ಇಲ್ಲವೇ ಇಲ್ಲ. ಕಾಟನ್ ಬಟ್ಟೆಯನ್ನು ಮೂರು ಪದರ ಮಾಡಿ, ನೆರಿಗೆ ಹಿಡಿದು, ಕಟ್ಟಿಕೊಳ್ಳಲು ಬಟ್ಟೆಯದೇ ದಾರ ಇಟ್ಟು ಹೊಲಿದೆ. ಮನೆಯವರಿಗೆ, ಅಕ್ಕಪಕ್ಕದವರಿಗೆ, ತೋಟದ ಕೆಲಸಕ್ಕೆ ಬರುವವರಿಗೆ. ಆ ವಾರಗಳಲ್ಲಿ ಮೆಷಿನ್ ಒಂದು ದಿನವೂ ಕೈ ಕೊಡಲಿಲ್ಲ. ಆಗಿನಿಂದ ಈ ಮೆಷಿನ್ ಮೇಲೆ ನನಗೆ ಬೇರೆಯೇ ಅಭಿಮಾನ.

ಇನ್ನು ತೊಂದರೆಗಳ ವಿಷಯ. ಸೂಜಿಗೆ ನೂಲು ಪೋಣಿಸುವ ಪ್ಲಾಸ್ಟಿಕ್ ಕೊಕ್ಕೆ ಮೊದಲ ವರ್ಷವೇ ಮುರಿಯಿತು. ಅದು ಇಲ್ಲದೆಯೂ ನಡೆಯುತ್ತದೆ, ಹಾಗಾಗಿ ಸುಮ್ನೆ ಬಿಟ್ಟೆ. ಕೆಲವು ವರ್ಷದ ಮೇಲೆ ಪೆಡಲ್ ಕೆಟ್ಟಿತು: ಒತ್ತಿದರೆ ಒಂದೋ ಓಡುವುದೇ ಇಲ್ಲ, ಇಲ್ಲವಾದರೆ ಪೂರ್ತಿ ವೇಗ. ಕಂಪನಿಗೆ ಫೋನ್ ಮಾಡಿದರೆ ನಿಮ್ಮ ಪಿನ್ ಕೋಡಿಗೆ ಮನೆಗೆ ಬಂದು ಸರ್ವಿಸ್ ಮಾಡುವವರಿಲ್ಲ ಅಂದರು. ಕೊಳ್ಳುವಾಗ ಮನೆಗೇ ಬರುತ್ತಾರೆ ಅಂದಿದ್ದರು. ಮಂಗಳೂರು ನಮಗೆ ಹತ್ತಿರ, ಆದರೆ ಅದು ಬೇರೆ ರಾಜ್ಯ, ಅವರ ಲೆಕ್ಕದಲ್ಲಿ ಬೇರೆ ಏರಿಯಾ. ಗಡಿಯಲ್ಲಿ ಇರುವವರಿಗೆ ಎಲ್ಲದರಲ್ಲೂ ಇದೇ ಪಾಡು. ಕೊನೆಗೆ ಕಾಸರಗೋಡು ಪೇಟೆಯ ಒಬ್ಬ ಮೆಕ್ಯಾನಿಕ್ ಬೇರೆ ಪೆಡಲ್ ಹಾಕಿಕೊಟ್ಟರು. ಅದೇ ಈಗಲೂ ಇದೆ. ಇನ್ನೊಂದು ಬೇಸರ, ಜೊತೆಗೆ ಬಂದ ಪುಸ್ತಕ. ಇಂಗ್ಲಿಷ್ ಮತ್ತು ಹಿಂದಿ ಬಿಟ್ಟು ಬೇರೆ ಭಾಷೆ ಅದರಲ್ಲಿ ಇಲ್ಲ. ಕನ್ನಡವೂ ಇಲ್ಲ, ಮಲಯಾಳವೂ ಇಲ್ಲ. ಹೊಲಿಗೆ ಮೆಷಿನ್ ಬಳಸುವವರಲ್ಲಿ ಎಷ್ಟೋ ಜನ ನಮ್ಮ ಅತ್ತೆಯ ಥರ ಕನ್ನಡ ಮಾತ್ರ ಓದುವವರು. ನಾಲ್ಕು ಪುಟ ಕನ್ನಡದಲ್ಲಿ ಅಚ್ಚು ಹಾಕಿಸುವುದು ಅಷ್ಟು ದೊಡ್ಡ ಕಂಪನಿಗೆ ಕಷ್ಟವೇ?

ನಮ್ಮ ಊರಿನಲ್ಲಿ ಮೆಷಿನ್‌ಗೆ ದೊಡ್ಡ ಶತ್ರು ಮಳೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೀರಿ ಸುರಿಯುವ ಜಾಗ ಇದು. ಜೂನ್‌ನಿಂದ ಸೆಪ್ಟೆಂಬರ್ ತನಕ ಮುರಕಲ್ಲಿನ ಗೋಡೆಯೇ ಬೆವರುತ್ತದೆ. ಮೆಷಿನ್ ಅನ್ನು ಗೋಡೆಗೆ ತಾಗಿಸಿ ಇಡಬಾರದು. ಮೇಲೆ ಪ್ಲಾಸ್ಟಿಕ್ ಕವರಿಗಿಂತ ಬಟ್ಟೆಯ ಕವರು ಒಳ್ಳೆಯದು. ಪ್ಲಾಸ್ಟಿಕ್ ಒಳಗಿನ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಸೂಜಿಯ ಕೆಳಗಿನ ತಗಡು, ಬಟ್ಟೆಯನ್ನು ಒತ್ತಿ ಹಿಡಿಯುವ ಫೂಟ್, ಬಾಬಿನ್ ಕೇಸ್ ಇವುಗಳಿಗೆ ಮೊದಲು ತುಕ್ಕು ಬರುವುದು. ಕೆಲಸ ಮುಗಿದ ಮೇಲೆ ಎಣ್ಣೆ ಸೋಕಿಸಿದ ಬಟ್ಟೆಯಲ್ಲಿ ಒಮ್ಮೆ ಒರೆಸಿದರೆ ಸಾಕು. ಮಳೆಗಾಲದಲ್ಲಿ ವಾರಕ್ಕೆ ಒಂದು ಸಲವಾದರೂ ಹತ್ತು ನಿಮಿಷ ಓಡಿಸಿ. ಮುಚ್ಚಿಟ್ಟ ಮೆಷಿನ್ ಓಡುವ ಮೆಷಿನ್‌ಗಿಂತ ಬೇಗ ಹಾಳಾಗುತ್ತದೆ. ಇನ್ನೊಂದು ವಿಷಯ ಹಳ್ಳಿಯವರಿಗೆ ಗೊತ್ತಿರುತ್ತದೆ: ಕುಂಬಾರ ಹುಳ. ಸ್ವಲ್ಪ ದಿನ ಮುಟ್ಟದಿದ್ದರೆ ಪೆಡಲ್ ವಯರಿನ ತೂತಿಗೇ ಮಣ್ಣು ತುಂಬಿ ಗೂಡು ಕಟ್ಟಿಬಿಡುತ್ತದೆ.

ಎಣ್ಣೆ ಅಂದಾಗ ನೆನಪಾಯಿತು, ದಯವಿಟ್ಟು ತೆಂಗಿನೆಣ್ಣೆ ಹಾಕಬೇಡಿ. ಮನೆ ತುಂಬಾ ತೆಂಗಿನೆಣ್ಣೆ ಇರುವ ಊರು ನಮ್ಮದು, ಕೈ ಅದಕ್ಕೇ ಹೋಗುತ್ತದೆ. ಅದು ದಿನ ಹೋದ ಹಾಗೆ ಅಂಟಾಗಿ, ನೂಲಿನ ಧೂಳು ಸೇರಿ ಮೇಣದ ಥರ ಗಟ್ಟಿಯಾಗುತ್ತದೆ. ನೆರೆಮನೆಯ ಅಕ್ಕನ ಕಾಲು ಮೆಷಿನ್ ಚಕ್ರ ತಿರುಗದೆ ನಿಂತಾಗ ಮೆಕ್ಯಾನಿಕ್ ಬಿಚ್ಚಿ ನೋಡಿ, “ಅಕ್ಕಾ, ಇದಕ್ಕೆ ಒಗ್ಗರಣೆ ಹಾಕಿದ್ದಾರಾ?” ಅಂತ ಕೇಳಿದರು. ಸೀಮೆ ಎಣ್ಣೆಯಲ್ಲಿ ತೊಳೆದು ಸರಿ ಮಾಡಲು ಅರ್ಧ ದಿನ ಹಿಡಿಯಿತು. ಅಂಗಡಿಯಲ್ಲಿ ಸಿಗುವ ಮೆಷಿನ್ ಎಣ್ಣೆಯ ಸಣ್ಣ ಬಾಟಲಿ ವರ್ಷಗಟ್ಟಲೆ ಬರುತ್ತದೆ. ನನ್ನ ಮಾದರಿಯಲ್ಲಿ ಬಾಬಿನ್ ಕೇಸ್ ತೆಗೆದು, ಅದರ ಹಿಂದಿನ ಶಟಲ್ ಕೂರುವ ಜಾಗವನ್ನು ಬ್ರಶ್‌ನಲ್ಲಿ ಗುಡಿಸಿ, ಒಂದು ಹನಿ ಬಿಡಬೇಕು. ಆಮೇಲೆ ಬೇಡದ ಬಟ್ಟೆಯ ಮೇಲೆ ಸ್ವಲ್ಪ ಹೊಲಿದು ನೋಡಿ, ಇಲ್ಲದಿದ್ದರೆ ಹೊಸ ಬಟ್ಟೆಗೆ ಕಲೆ.

ಕರೆಂಟಿನ ಖರ್ಚಿನ ಬಗ್ಗೆ ಹೆದರಬೇಡಿ. ಮೋಟಾರು ನೂರು ವ್ಯಾಟ್ ಕೂಡ ಇಲ್ಲ. ಹತ್ತು ಗಂಟೆ ಹೊಲಿದರೂ ಒಂದು ಯೂನಿಟ್ ಆಗುವುದಿಲ್ಲ. ಆದರೆ ಬೇಸಿಗೆಯಲ್ಲಿ ಎಲ್ಲರೂ ಅಡಿಕೆ ತೋಟಕ್ಕೆ ಪಂಪು ಹಾಕಿದ ಹೊತ್ತಿನಲ್ಲಿ ವೋಲ್ಟೇಜ್ ಬಿದ್ದುಬಿಡುತ್ತದೆ. ಆಗ ಮೋಟಾರು ಗುಂಯ್ ಅನ್ನುತ್ತದೆ, ಸೂಜಿ ಮುಂದೆ ಹೋಗುವುದಿಲ್ಲ. ಪೆಡಲ್ ಜೋರಾಗಿ ಒತ್ತಿ ಹಿಡಿಯಬೇಡಿ, ಮೋಟಾರು ಬಿಸಿಯಾಗುತ್ತದೆ. ನಿಲ್ಲಿಸಿ, ಸ್ವಲ್ಪ ಹೊತ್ತಿನ ಮೇಲೆ ಹೊಲಿಯಿರಿ. ಮಳೆ ಶುರುವಾಗುವ ಮೊದಲು ಮತ್ತು ತುಲಾ ತಿಂಗಳಲ್ಲಿ (ಅಕ್ಟೋಬರ್ ಮಧ್ಯದಿಂದ ನವೆಂಬರ್ ಮಧ್ಯದ ತನಕ) ಗುಡುಗು ಕೇಳಿದ ಕೂಡಲೇ ಪ್ಲಗ್ ಕಿತ್ತಿಡುವುದು ನಮ್ಮಲ್ಲಿ ಎಲ್ಲರಿಗೂ ಅಭ್ಯಾಸ. ಟಿವಿ, ಫ್ರಿಜ್ ಜೊತೆ ಇದನ್ನೂ ಸೇರಿಸಿಕೊಳ್ಳಿ.

ಹೊಸಬರು ಮೆಷಿನ್ ಕೆಟ್ಟಿತು ಅಂತ ನನ್ನ ಹತ್ತಿರ ತರುವುದರಲ್ಲಿ ಮೆಷಿನ್‌ನ ತಪ್ಪು ಬಹಳ ಕಡಿಮೆ. ಬಟ್ಟೆಯ ಅಡಿಯಲ್ಲಿ ನೂಲು ಗಂಟುಗಂಟಾಗಿ ಸಿಕ್ಕಿಕೊಂಡರೆ ಎಲ್ಲರೂ ಬಾಬಿನ್ ಬಿಚ್ಚಿ ನೋಡುತ್ತಾರೆ. ಕಾರಣ ಇರುವುದು ಮೇಲೆ. ನೂಲು ಪೋಣಿಸುವಾಗ ಫೂಟ್ ಮೇಲೆತ್ತಿರಬೇಕು. ಆಗ ನೂಲನ್ನು ಬಿಗಿ ಹಿಡಿಯುವ ಟೆನ್ಷನ್ ತಟ್ಟೆಗಳು ತೆರೆದಿರುತ್ತವೆ, ನೂಲು ಅವುಗಳ ನಡುವೆ ಸರಿಯಾಗಿ ಕೂರುತ್ತದೆ. ಫೂಟ್ ಇಳಿಸಿ ಪೋಣಿಸಿದರೆ ನೂಲು ಹೊರಗೇ ಉಳಿದು ಸಡಿಲವಾಗಿ ಬರುತ್ತದೆ, ಅದೆಲ್ಲಾ ಅಡಿಯಲ್ಲಿ ಸೇರಿಕೊಳ್ಳುತ್ತದೆ. ಹೊಲಿಗೆ ಮಧ್ಯೆ ಮಧ್ಯೆ ತಪ್ಪಿದರೆ ಸೂಜಿ ಬದಲಿಸಿ. ಸೂಜಿ ಮುರಿಯುವ ತನಕ ಕಾಯುವುದು ನಮ್ಮವರ ರೂಢಿ. ಎಂಟು ಗಂಟೆ ಹೊಲಿದ ಮೇಲೆ ಅದರ ಮೊನೆ ಮೊಂಡಾಗುತ್ತದೆ, ಬೆಲೆಯೂ ಕಡಿಮೆ, ಬದಲಿಸಿಬಿಡಿ. ನನ್ನ ಮೆಷಿನ್‌ನಲ್ಲಿ ಚಪ್ಪಟೆ ಭಾಗ ಹಿಂದಕ್ಕೆ ಬರುವ ಹಾಗೆ ಪೂರ್ತಿ ಮೇಲಕ್ಕೆ ತಳ್ಳಿ ಸ್ಕ್ರೂ ಬಿಗಿಯಬೇಕು. ತೆಳು ಬಟ್ಟೆಗೆ 11, ಮಾಮೂಲಿ ಕಾಟನ್‌ಗೆ 14, ಜೀನ್ಸ್‌ಗೆ 16ನೇ ನಂಬರ್ ಸೂಜಿ. ಟೀ ಶರ್ಟಿನಂಥ ಎಳೆದರೆ ಹಿಗ್ಗುವ ಬಟ್ಟೆಗೆ ಮೊನೆ ಉರುಟಾಗಿರುವ ಬಾಲ್ ಪಾಯಿಂಟ್ ಸೂಜಿ ಬೇಕು. ಅದಿಲ್ಲದೆ ಎಷ್ಟು ಟೆನ್ಷನ್ ತಿರುಗಿಸಿದರೂ ಹೊಲಿಗೆ ತಪ್ಪುತ್ತಲೇ ಇರುತ್ತದೆ. ನೂಲು ಕೂಡ ಮುಖ್ಯ. ಮಳೆಗಾಲ ಕಳೆದ ಹಳೆಯ ಕಾಟನ್ ನೂಲನ್ನು ಕೈಯಲ್ಲಿ ಎಳೆದು ನೋಡಿ, ಪಟ್ಟನೆ ತುಂಡಾದರೆ ಮೆಷಿನ್‌ಗೆ ಹಾಕಬೇಡಿ.

ಇದರಿಂದ ಆಗದ ಕೆಲಸಗಳೂ ಇವೆ. ಜೀನ್ಸ್ ಕೆಳಗೆ ಮಡಚುವಾಗ ಬದಿಯ ಹೊಲಿಗೆಗಳು ಸೇರುವ ಗುಡ್ಡೆಯ ಹತ್ತಿರ ನಿಂತುಬಿಡುತ್ತದೆ. ಫೂಟ್‌ನ ಹಿಂಭಾಗದ ಅಡಿಗೆ ಅಷ್ಟೇ ದಪ್ಪಕ್ಕೆ ಮಡಚಿದ ಬಟ್ಟೆ ತುಂಡು ಇಟ್ಟು, ಚಕ್ರವನ್ನು ಕೈಯಲ್ಲಿ ತಿರುಗಿಸಿ ದಾಟಿಸುತ್ತೇನೆ. ದಿನಾ ಜೀನ್ಸ್ ಹೊಲಿಯುವವರಿಗೆ ಇದು ಸರಿ ಹೋಗುವುದಿಲ್ಲ. ಅಡಿಕೆ ಗೋಣಿ, ಟಾರ್ಪಾಲು ಇದರ ಹತ್ತಿರವೂ ತರಬೇಡಿ. ಗೋಣಿಗೆ ದಬ್ಬಣವೇ ಸರಿ. ಲೈನಿಂಗ್ ಇರುವ ಮದುವೆ ಬ್ಲೌಸ್ ನಾನು ಈಗಲೂ ಟೈಲರ್ ಹತ್ತಿರವೇ ಕೊಡುತ್ತೇನೆ. ಅಲ್ಲಿ ಬೇಕಾದ್ದು ಕತ್ತರಿಸುವ ಕೈ. ಹೊಲಿದು ಬಂದದ್ದನ್ನು ಬಿಗಿ ಸಡಿಲ ಮಾಡುವುದು ಮಾತ್ರ ಮನೆಯಲ್ಲಿ. ಇಡೀ ದಿನ ಹೊಲಿದು ದುಡಿಯಬೇಕು ಅನ್ನುವವರು ಟೈಲರ್ ಅಂಗಡಿಯವರು ಬಳಸುವ ಮೆಷಿನ್ ನೋಡಿ. ಇದರ ಸಣ್ಣ ಮೋಟಾರು ಅಷ್ಟು ಹೊತ್ತು ಓಡಲು ಮಾಡಿದ್ದಲ್ಲ.

ಕೊಳ್ಳಲು ಹೋಗುವವರು ಮನೆಯಿಂದಲೇ ಬಟ್ಟೆ ತೆಗೆದುಕೊಂಡು ಹೋಗಿ. ಅಂಗಡಿಯವರು ತೋರಿಸಲು ಇಟ್ಟುಕೊಂಡ ಗಟ್ಟಿ ಬಟ್ಟೆಯ ಮೇಲೆ ಯಾವ ಮೆಷಿನ್ ಆದರೂ ಚೆನ್ನಾಗಿ ಹೊಲಿಯುತ್ತದೆ. ಹಳೆಯ ಸೀರೆಯ ತೆಳು ತುಂಡು ಒಂದು, ನಾಲ್ಕು ಪದರ ಜೀನ್ಸ್ ಒಂದು, ಟೀ ಶರ್ಟ್ ತುಂಡು ಒಂದು. ಮೂರರ ಮೇಲೂ ನೀವೇ ಕುಳಿತು ಹೊಲಿಯಿರಿ. ಪೆಡಲ್ ಮೆಲ್ಲ ಒತ್ತಿದಾಗ ಮೆಷಿನ್ ಮೆಲ್ಲ ಹೋಗುತ್ತದಾ ನೋಡಿ. ಬಾಬಿನ್ ಕೇಸ್ ಲೋಹದ್ದಾ ಕೇಳಿ. ಅದೇ ಅಳತೆಯ ಬಾಬಿನ್ ನಿಮ್ಮ ಪೇಟೆಯಲ್ಲಿ ಸಿಗುತ್ತದಾ ಅನ್ನುವುದನ್ನು ಮೊದಲೇ ವಿಚಾರಿಸಿ. ಎತ್ತರ ಸ್ವಲ್ಪ ಬೇರೆಯಾದರೂ ನೂಲು ಸಿಕ್ಕಿಕೊಳ್ಳುತ್ತದೆ. ಸರ್ವಿಸ್‌ಗೆ ಯಾರು ಬರುತ್ತಾರೆ, ಎಲ್ಲಿಂದ ಬರುತ್ತಾರೆ ಅನ್ನುವುದನ್ನು ಬಾಯಿಮಾತಿಗೆ ಬಿಡದೆ ಬಿಲ್ಲಿನ ಮೇಲೆ ಫೋನ್ ನಂಬರ್ ಸಮೇತ ಬರೆಸಿಕೊಳ್ಳಿ. ಮಂಜೇಶ್ವರ, ಕುಂಬಳೆ, ಮುಳ್ಳೇರಿಯದ ಕಡೆಯವರು ನಿಮ್ಮ ಪಿನ್ ಕೋಡ್ ಹೇಳಿಯೇ ಕೇಳಿ.