ಒಂದೇ ಮಾರುತ್, ಮೂರು ಗೋಡೆ: ಬಣ್ಣ, ಪ್ಲೈವುಡ್, ಅಲ್ಯೂಮಿನಿಯಂ

ಬೆಂಗಳೂರಿನ ಹಳೆಯ ವಿಮಾನನಿಲ್ದಾಣದ ಆಸುಪಾಸಿನಲ್ಲಿ ಬೆಳೆದ ನನ್ನಂಥವರಿಗೆ ಸುರಂಜನ್‌ದಾಸ್ ರಸ್ತೆ ನಿತ್ಯದ ದಾರಿ. ಇಲ್ಲಿನ ವಿಮಾನ ಕಾರ್ಖಾನೆ ಎಚ್‌ಎಎಲ್ ನಿರ್ಮಿಸಿದ ಎಚ್‌ಎಫ್-24 ಮಾರುತ್ ಯುದ್ಧವಿಮಾನವನ್ನು 1961ರ ಜೂನ್ 17ರಂದು ಮೊದಲ ಬಾರಿಗೆ ಹಾರಿಸಿದ ವಿಂಗ್ ಕಮಾಂಡರ್ ಸುರಂಜನ್ ದಾಸ್ ಅವರ ಹೆಸರನ್ನೇ ಆ ರಸ್ತೆಗೆ ಇಟ್ಟಿದ್ದಾರೆ. ತಗಡಿನ ಮಾಡಿನ ನನ್ನ ಪುಟ್ಟ ವರ್ಕ್‌ಶಾಪಿನ ಗೋಡೆಗೆ ವಿಮಾನದ ಚಿತ್ರವೊಂದು ಬೇಕೆನಿಸಿದಾಗ ಮಾರುತ್ ಬಿಟ್ಟು ಬೇರೆಯದು ಮನಸ್ಸಿಗೆ ಬರಲಿಲ್ಲ. ಆದರೆ ಅದನ್ನು ಯಾವುದರಲ್ಲಿ ಮಾಡಬೇಕೆಂಬುದು ತೀರ್ಮಾನವಾಗದ ಕಾರಣ, ಒಂದೇ ನಕ್ಷೆಯನ್ನು ಇಟ್ಟುಕೊಂಡು ಮೂರು ಗೋಡೆಗಳ ಮೇಲೆ ಮೂರು ಬಗೆಯಲ್ಲಿ ಮಾಡಿ, ಒಂದು ಬೇಸಿಗೆ ಮತ್ತು ಒಂದು ಮಳೆಗಾಲ ಕಳೆಯುವವರೆಗೆ ಹಾಗೆಯೇ ಬಿಟ್ಟೆ.

ಮಾರುತ್‌ನ ಉದ್ದ 15.87 ಮೀಟರ್, ರೆಕ್ಕೆಗಳ ತುದಿಯಿಂದ ತುದಿಗೆ ಅಗಲ 9 ಮೀಟರ್. ಹತ್ತರಲ್ಲೊಂದರ ಅಳತೆಗೆ ಇಳಿಸಿದರೆ ಸುಮಾರು 159 ಸೆಂಟಿಮೀಟರ್ ಉದ್ದ, 90 ಸೆಂಟಿಮೀಟರ್ ಅಗಲ ಬರುತ್ತದೆ. ಮೇಲಿನಿಂದ ನೋಡಿದಾಗ ಈ ವಿಮಾನದ ಮೈ ನಡುವಿನಲ್ಲಿ ಸಣ್ಣಗಾಗಿ ಹಿಂದೆ ಮತ್ತೆ ತುಂಬಿಕೊಳ್ಳುತ್ತದೆ. ಶಬ್ದದ ವೇಗದ ಹತ್ತಿರ ಗಾಳಿಯ ಎಳೆತ ಕಡಿಮೆಯಾಗಲೆಂದು ಜರ್ಮನ್ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಅವರ ತಂಡ ಕೊಟ್ಟ ಆಕಾರವದು. ಆ ನಡುವು ತಪ್ಪಿದರೆ ಚಿತ್ರ ಯಾವುದೋ ಜೆಟ್ ಆಗುತ್ತದೆಯೇ ಹೊರತು ಮಾರುತ್ ಆಗುವುದಿಲ್ಲ. ಹೀಗಾಗಿ ಯಾವ ಸಾಮಗ್ರಿ ಈ ಬಳುಕನ್ನು ಚೆನ್ನಾಗಿ ಹಿಡಿಯುತ್ತದೆ ಎಂಬುದೇ ನನ್ನ ಮುಖ್ಯ ಅಳತೆಗೋಲಾಯಿತು.

ಗೋಡೆಗೆ ನೇರವಾಗಿ ಬರೆಯುವುದು ಎಲ್ಲಕ್ಕಿಂತ ಅಗ್ಗ. ಗಾರೆಯವರಂತೆ ನೂಲು ಹೊಡೆದು ಹತ್ತು ಸೆಂಟಿಮೀಟರಿನ ಚೌಕಗಳನ್ನು ಹಾಕಿಕೊಂಡರೆ ಒಂದೊಂದು ಚೌಕವೂ ನಿಜವಾದ ವಿಮಾನದ ಒಂದು ಮೀಟರಿಗೆ ಸಮನಾಗುವುದರಿಂದ, ನಕ್ಷೆಯನ್ನು ಗೋಡೆಗೆ ಏರಿಸುವುದು ಸುಲಭ. ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು ಇರುವ ವಾಯುಪಡೆಯ ವೃತ್ತಗಳನ್ನು ಮೊಳೆ ಮತ್ತು ದಾರದಿಂದ ತಿದ್ದಿದೆ. ಬಳುಕು ಇಲ್ಲಿ ಬಂದಷ್ಟು ನಯವಾಗಿ ಬೇರೆಲ್ಲೂ ಬರಲಿಲ್ಲ. ಆದರೆ ಹೊಳಪಿನ ಆಸೆಗೆ ಎನಾಮೆಲ್ ಬಳಿದದ್ದು ತಪ್ಪಾಯಿತು. ಎನಾಮೆಲ್ ಪದರ ಗೋಡೆಯ ತೇವವನ್ನು ಹೊರಬಿಡುವುದಿಲ್ಲ. ಮಳೆಗಾಲದಲ್ಲಿ ಬಾಲದ ಭಾಗ ಗುಳ್ಳೆಯೆದ್ದು ಹಪ್ಪಳದಂತೆ ಸುಲಿಯಿತು. ಅಲ್ಲಿ ಕೆರೆದು, ನೀರು ಬೆರೆಸುವ ಎಕ್ಸ್‌ಟೀರಿಯರ್ ಎಮಲ್ಷನ್ ಬಳಿದ ಮೇಲೆ ಮತ್ತೆ ಸುಲಿಯಲಿಲ್ಲ.

ಪ್ಲೈವುಡ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆರು ಮಿಲಿಮೀಟರಿನ ಹಲಗೆಯನ್ನು ಸಣ್ಣ ಹಲ್ಲಿನ ಬ್ಲೇಡು ಹಾಕಿದ ಜಿಗ್‌ಸಾದಿಂದ ಕತ್ತರಿಸಿ, ಗೋಡೆಯಿಂದ ಎರಡು ಸೆಂಟಿಮೀಟರು ಮುಂದೆ ನಿಲ್ಲಿಸಿದರೆ ಅದರ ನೆರಳೇ ಚಿತ್ರಕ್ಕೆ ಜೀವ ತುಂಬುತ್ತದೆ. ಗೆರೆಯ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿದರೆ ಅಂಚು ಸಿಬಿರು ಏಳುವುದಿಲ್ಲ. ಸಾಮಾನ್ಯ ಎಂಆರ್ (ಸ್ವಲ್ಪ ಮಟ್ಟಿಗೆ ತೇವ ತಡೆಯುವ) ದರ್ಜೆಯ ಹಲಗೆ ತಂದದ್ದರಿಂದ ರೆಕ್ಕೆಯ ತುದಿ ತೇವಕ್ಕೆ ಬಾಗಿತು. ಇಂಥ ಮಾಡಿನಡಿಗೆ ಬಿಡಬ್ಲ್ಯುಆರ್ (ಕುದಿನೀರನ್ನೂ ತಡೆಯುವ) ದರ್ಜೆಯದೇ ಬೇಕು.

ನನ್ನ ಮನಸ್ಸು ಗೆದ್ದದ್ದು ಅಲ್ಯೂಮಿನಿಯಂ, ಅತಿ ಹೆಚ್ಚು ಕಾಡಿಸಿದ್ದೂ ಅದೇ. ಅರ್ಧ ಮಿಲಿಮೀಟರಿನ ತಗಡನ್ನು ಕತ್ತರಿಯಿಂದ ತುಂಡು ತುಂಡಾಗಿ ಕತ್ತರಿಸಿ, ಹಿಂದೆ ಪಟ್ಟಿ ಕೊಟ್ಟು, 3.2 ಮಿಲಿಮೀಟರಿನ ಪಾಪ್ ರಿವೆಟ್‌ಗಳಿಂದ ಜೋಡಿಸಿದೆ. ರಿವೆಟ್ಟಿನ ತೂತು ಅಂಚಿನಿಂದ ಅದರ ವ್ಯಾಸದ ಎರಡರಷ್ಟಾದರೂ ಒಳಗಿರಬೇಕೆಂಬ ವಿಮಾನ ಕೆಲಸದವರ ನಿಯಮವನ್ನು ಪಾಲಿಸಿ, ಎಂಟು ಮಿಲಿಮೀಟರು ಬಿಟ್ಟೆ. ಮೊದಲ ಸಲ ಮೂತಿಯಿಂದ ಬಾಲದ ಕಡೆಗೆ ಸಾಲಾಗಿ ರಿವೆಟ್ ಹೊಡೆಯುತ್ತ ಹೋದಾಗ ತಗಡು ಉಬ್ಬಿ, ಒತ್ತಿದರೆ ಟಕ್ಕೆಂದು ಸದ್ದು ಮಾಡತೊಡಗಿತು. ಎಲ್ಲವನ್ನೂ ಕಳಚಿ, ನಡುವಿನಿಂದ ಎರಡೂ ತುದಿಗಳ ಕಡೆಗೆ ಸರದಿಯಂತೆ ಬಿಗಿದಾಗ ಮಟ್ಟವಾಗಿ ಕೂತಿತು. ಕಬ್ಬಿಣಕ್ಕೆ ಹಚ್ಚುವ ರೆಡ್ ಆಕ್ಸೈಡ್ ಈ ಲೋಹವನ್ನು ಹಿಡಿಯಲಿಲ್ಲ. ತಗಡನ್ನು ಉಜ್ಜಿ ಒರಟು ಮಾಡಿ ಲೋಹದ ಮೈಯನ್ನು ತುಸು ಕೊರೆದು ಹಿಡಿಯುವ ಎಚ್ (etch) ಪ್ರೈಮರ್ ಹಚ್ಚಿದ ಮೇಲಷ್ಟೇ ಬಣ್ಣ ನಿಂತಿತು. ಇನ್ನೊಂದು ಪೆಟ್ಟು ತಡವಾಗಿ ತಿಳಿಯಿತು. ಹೊಸ ಸಿಮೆಂಟ್ ಗಾರೆಯ ಕ್ಷಾರ ತೇವದೊಂದಿಗೆ ಸೇರಿ ಅಲ್ಯೂಮಿನಿಯಮನ್ನು ತಿನ್ನುತ್ತದೆ. ಗೋಡೆಗೆ ತಾಗಿದ್ದ ಕಡೆ ಬಿಳಿ ಪುಡಿ ಎದ್ದಿತ್ತು. ನೈಲಾನ್ ಬಿಲ್ಲೆಗಳನ್ನು ನಡುವೆ ಕೊಟ್ಟು, ಸ್ಟೇನ್‌ಲೆಸ್ ಸ್ಕ್ರೂಗಳಿಗೂ ನೈಲಾನ್ ವಾಷರ್ ಹಾಕಿದ್ದೇನೆ.

ವಿಮಾನದ ಮೈಗೆ ಬಹುಪಾಲು ಒಂದು ಬದಿಯಿಂದ ಬಡಿದು, ಇನ್ನೊಂದು ಬದಿಯಲ್ಲಿ ಆನಿಕೆ ಹಿಡಿದು ಕೂರಿಸುವ ಗಟ್ಟಿ ರಿವೆಟ್‌ಗಳನ್ನೇ ಬಳಸುತ್ತಾರೆ. ನನ್ನವು ಒಂದೇ ಬದಿಯಿಂದ ಎಳೆದು ಬಿಗಿಯುವಂಥವು. ಹಾಗಿದ್ದರೂ ಸಂಜೆಯ ಓರೆ ಬಿಸಿಲು ಆ ಸಾಲುಗಳ ಮೇಲೆ ಬಿದ್ದಾಗ, ಈ ನಗರದಲ್ಲಿ ಇಂಥ ತಗಡುಗಳನ್ನು ಜೋಡಿಸಿ ಜೀವನ ಸಾಗಿಸಿದ ಸಾವಿರಾರು ಕೈಗಳು ನೆನಪಾಗುತ್ತವೆ, ಆ ನೆನಪನ್ನು ಬಣ್ಣವಾಗಲಿ ಹಲಗೆಯಾಗಲಿ ನನಗೆ ಕೊಡಲಿಲ್ಲ. ಒಂದೇ ದಿನದಲ್ಲಿ, ಕಡಿಮೆ ಖರ್ಚಿನಲ್ಲಿ, ದೊಡ್ಡ ಒಣ ಗೋಡೆ ತುಂಬಬೇಕೆನ್ನುವವರು ಎಮಲ್ಷನ್ ಹಿಡಿಯಲಿ. ನಾಲ್ಕು ಭಾನುವಾರ ಬಿಡುವುಳ್ಳವರು ತಗಡು ತರಲಿ. ಬಾಗಿದ ಪ್ಲೈವುಡ್ ಇಳಿಸಿದ ಜಾಗಕ್ಕೆ, 1951ರಲ್ಲಿ ಮೊದಲ ಬಾರಿಗೆ ಹಾರಿದ ಎಚ್‌ಎಎಲ್‌ನ ಎಚ್‌ಟಿ-2 ತರಬೇತಿ ವಿಮಾನವನ್ನು ನಾನು ಅಲ್ಯೂಮಿನಿಯಮಿನಲ್ಲೇ ಮಾಡುತ್ತಿದ್ದೇನೆ. ಈ ಸಲ ಮೊದಲ ರಿವೆಟ್ ನಡುವಿಗೇ ಬಿದ್ದಿದೆ.