ಪರದೆಯ ಮೇಲೆ 5.4 ಡಿಗ್ರಿ, ಪೆಟ್ಟಿಗೆಯೊಳಗೆ ಹೆಪ್ಪುಗಟ್ಟಿದ ಇನ್ಸುಲಿನ್

ಹುಬ್ಬಳ್ಳಿಯಲ್ಲಿ ಔಷಧಿಗಳ ಸಗಟು ವ್ಯಾಪಾರ ನಡೆಸುವ ನಾವು ಕಾರವಾರದ ಅಂಗಡಿಗಳಿಗೆ ಇನ್ಸುಲಿನ್ ಕಳಿಸುತ್ತೇವೆ. ಕಳೆದ ಬೇಸಿಗೆಯಲ್ಲಿ ಒಂದೇ ರವಾನೆಯ 240 ವಯಲ್‌ಗಳನ್ನು (ಔಷಧಿಯ ಪುಟ್ಟ ಗಾಜಿನ ಸೀಸೆಗಳನ್ನು) ಎಸೆಯಬೇಕಾಯಿತು. ಪೆಟ್ಟಿಗೆಯಲ್ಲಿ ನಿಸ್ತಂತು ತಾಪಮಾನ ಸಾಧನವಿತ್ತು, ಅದು ದಾರಿಯುದ್ದಕ್ಕೂ ಹಸಿರು ಬಣ್ಣವನ್ನೇ ತೋರಿಸಿತ್ತು. ಇಂಥ ಸಾಧನ ಕೊಳ್ಳಲು ಹೊರಟವರು ನಾವು ಮಾಡಿದ ತಪ್ಪನ್ನು ಮಾಡದಿರಲೆಂದು ಇದನ್ನು ಬರೆಯುತ್ತಿದ್ದೇನೆ.

ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕು. ಒಮ್ಮೆ ಹೆಪ್ಪುಗಟ್ಟಿದರೆ ಕರಗಿದ ಮೇಲೂ ಬಳಸುವಂತಿಲ್ಲ. ಆದರೆ ಏಪ್ರಿಲ್ ತಿಂಗಳಲ್ಲಿ ನಮಗಿದ್ದ ಭಯವೆಲ್ಲ ಸೆಕೆಯದ್ದೇ ಆಗಿತ್ತು. ಆದ್ದರಿಂದ ಎಚ್ಚರಿಕೆಯ ಗಂಟೆಯನ್ನು 8 ಡಿಗ್ರಿ ದಾಟಿದರೆ ಮಾತ್ರ ಬಾರಿಸುವಂತೆ ಹೊಂದಿಸಿದ್ದೆವು. ನಮ್ಮ ಹುಡುಗರು ಡೀಪ್ ಫ್ರೀಜರಿನಿಂದ ತೆಗೆದ ಐಸ್ ಪ್ಯಾಕ್‌ಗಳನ್ನು ನೇರವಾಗಿ ಥರ್ಮಾಕೋಲ್ ಪೆಟ್ಟಿಗೆಗೆ ಇಳಿಸಿ, ಘಟ್ಟದ ಕೆಳಗಿನ ಸೆಕೆಗೆ ಇರಲಿ ಎಂದು ಇನ್ನೆರಡನ್ನು ಸೇರಿಸಿದರು. ಸೆನ್ಸರನ್ನು ಸುಲಭವಾಗಿ ಕೈಗೆ ಸಿಗಲೆಂದು ಮುಚ್ಚಳದ ಒಳಬದಿಗೆ ಅಂಟಿಸಿದ್ದರು. ಅದು ಅಳೆದದ್ದು ಮುಚ್ಚಳದ ಕೆಳಗಿನ ಗಾಳಿಯನ್ನು. ವಯಲ್‌ಗಳಿದ್ದದ್ದು ತಳದಲ್ಲಿ, ಮಂಜುಗಡ್ಡೆಗೆ ಒತ್ತಿಕೊಂಡು.

ಎರಡನೆಯ ತಪ್ಪು ಇದಕ್ಕಿಂತ ಸೂಕ್ಷ್ಮವಾದದ್ದು. ಸೆನ್ಸರಿನ ಬ್ಲೂಟೂತ್ ಸಂಕೇತವನ್ನು ಹಿಡಿದು ಸಿಮ್ ಮೂಲಕ ನಮಗೆ ಕಳಿಸುವ ಗೇಟ್‌ವೇ ಚಾಲಕನ ಪಕ್ಕದಲ್ಲಿತ್ತು, ಪೆಟ್ಟಿಗೆ ಹಿಂದಿನ ಲೋಹದ ಕೋಣೆಯಲ್ಲಿತ್ತು. ಲೋಹದ ಗೋಡೆಯನ್ನು ಆ ಸಂಕೇತ ಸರಿಯಾಗಿ ದಾಟದು, ಐಸ್ ಪ್ಯಾಕ್‌ಗಳು ಕರಗಿದಂತೆ ಅವುಗಳೊಳಗಿನ ನೀರೂ ಅದನ್ನು ಹೀರಿಕೊಳ್ಳುತ್ತದೆ. ಅದರ ಮೇಲೆ ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿಯುವಾಗ ಮೊಬೈಲ್ ನೆಟ್‌ವರ್ಕ್ ಕೂಡ ಕೈಕೊಟ್ಟಿತು. ಸಂಪರ್ಕ ತಪ್ಪಿದಾಗ ಆ ಆ್ಯಪ್ ಹಾಗೆಂದು ಹೇಳುವ ಬದಲು ಕೊನೆಯ ಅಂಕಿಯನ್ನೇ ಮುಂದುವರಿಸುತ್ತಿತ್ತು. ಸುಮಾರು ಮೂರು ಗಂಟೆ 5.4 ಎಂದು ಗೆರೆ ಎಳೆದಂತೆ ನೇರವಾಗಿದ್ದ ನಕ್ಷೆಯನ್ನು ನೋಡಿ, ಎಷ್ಟು ಸ್ಥಿರವಾಗಿದೆ ಎಂದು ನಾನೇ ಮೆಚ್ಚಿಕೊಂಡಿದ್ದೆ. ನಿಜವಾದ ತಾಪಮಾನ ಸ್ವಲ್ಪವಾದರೂ ಏರಿಳಿಯದೆ ಇರುವುದಿಲ್ಲ ಎಂಬುದು ಆಗ ಹೊಳೆಯಲಿಲ್ಲ.

ಕಾರವಾರದ ಅಂಗಡಿಯವರು ಫೋನ್ ಮಾಡಿದಾಗಲೇ ವಿಷಯ ತಿಳಿದದ್ದು. ಮೋಡದಂತೆ ಮಸುಕಾಗಿರಬೇಕಾದ ಎನ್‌ಪಿಎಚ್ ಇನ್ಸುಲಿನ್ (ನಿಧಾನವಾಗಿ ಕೆಲಸ ಮಾಡುವ ಒಂದು ಬಗೆ), ಅಂಗೈಗಳ ನಡುವೆ ಎಷ್ಟು ಉರುಳಿಸಿದರೂ ಹಾಲಿನಂತೆ ಒಂದಾಗದೆ, ಬಿಳಿಯ ಕಣಗಳು ಗಾಜಿನ ಒಳಮೈಗೆ ಅಂಟಿಕೊಂಡಿದ್ದವಂತೆ. ಅದೇ ಪೆಟ್ಟಿಗೆಯಲ್ಲಿದ್ದ ತಿಳಿಯಾದ ಇನ್ಸುಲಿನ್ ನೋಡಲು ಚೆನ್ನಾಗಿಯೇ ಇತ್ತು. ಆದರೆ ಯಾವ ವಯಲ್ ಹೆಪ್ಪುಗಟ್ಟಿತ್ತು, ಯಾವುದು ಉಳಿದಿತ್ತು ಎಂದು ಕಣ್ಣಿನಿಂದ ಹೇಳಲಾಗದ ಕಾರಣ ಎಲ್ಲವನ್ನೂ ನಾಶಪಡಿಸಲು ಹೇಳಿದೆ. ಸಾಧನ ಮಾರಿದವರು ದಾಖಲೆಯಲ್ಲಿ ಎಲ್ಲವೂ ಮಿತಿಯೊಳಗಿದೆ ಎಂದು ನಮ್ಮ ನಕ್ಷೆಯನ್ನು ನಮಗೇ ತೋರಿಸಿದರು.

ಸಾಧನ ಕೊಳ್ಳುವಾಗ ಬೆಲೆಗಿಂತ ಮೊದಲು ಕೇಳಬೇಕಾದದ್ದು, ಸಂಪರ್ಕ ಕಡಿದಾಗ ಅದು ಅಂಕಿಗಳನ್ನು ತನ್ನ ಮೆಮೊರಿಯಲ್ಲಿ ಉಳಿಸಿಕೊಂಡು ಆಮೇಲೆ ಕಳಿಸುತ್ತದೆಯೇ, ಮತ್ತು ಪ್ರತಿ ಅಂಕಿಯೂ ಎಷ್ಟು ಗಂಟೆಯದ್ದೆಂದು ತೋರಿಸುತ್ತದೆಯೇ ಎಂಬುದನ್ನು. ಮೌನಕ್ಕೂ ಎಚ್ಚರಿಕೆ ಬರಬೇಕು, 2 ಡಿಗ್ರಿಗಿಂತ ಕೆಳಗಿಳಿದರೂ ಬರಬೇಕು. ತಾಪಮಾನ ಅಳೆಯುವ ತುದಿ, ಅಂದರೆ ಪ್ರೋಬ್, ನೀರಿಗೆ ಹಾಳಾಗದಂಥದ್ದಾದರೆ, ಪುಡಿ ಮಾಡಿದ ಐಸಿಗೆ ನೀರು ಬೆರೆಸಿ ಅದರಲ್ಲಿ ಮುಳುಗಿಸಿ. ಸ್ವಲ್ಪ ಹೊತ್ತಿನಲ್ಲಿ 0 ಡಿಗ್ರಿಯ ಹತ್ತಿರ ನಿಲ್ಲದಿದ್ದರೆ ಹಿಂತಿರುಗಿಸಿ.

ಈಗ ನಾವು ಸೆನ್ಸರನ್ನು ಐಸ್ ಪ್ಯಾಕಿಗೆ ಹತ್ತಿರದ ವಯಲ್‌ಗಳ ನಡುವೆ ಇಡುತ್ತೇವೆ, ಇನ್ನೊಂದನ್ನು ಮೇಲೆ ಇಡುತ್ತೇವೆ. ಪ್ಯಾಕಿಗೂ ವಯಲ್‌ಗೂ ನಡುವೆ ದಪ್ಪ ರಟ್ಟು ಇರುತ್ತದೆ. ಲಸಿಕೆ ಒಯ್ಯುವ ಆರೋಗ್ಯ ಕಾರ್ಯಕರ್ತೆಯರಿಗೆ ಬಹಳ ಹಿಂದಿನಿಂದ ಗೊತ್ತಿರುವ, ನಮಗೆ ತಡವಾಗಿ ತಿಳಿದ ಒಂದು ಕ್ರಮವೂ ಇದೆ: ಫ್ರೀಜರಿನಿಂದ ತೆಗೆದ ಪ್ಯಾಕನ್ನು ಮೇಜಿನ ಮೇಲಿಟ್ಟು ಕಾದು, ಕಿವಿಯ ಬಳಿ ಅಲುಗಿಸಿದಾಗ ಒಳಗೆ ನೀರಿನ ಸದ್ದು ಕೇಳಿದ ಮೇಲೆಯೇ ಪೆಟ್ಟಿಗೆಗೆ ಹಾಕುವುದು.